ಬೀಳ್ಕೊಡುಗೆಗೆ ಮುನ್ನ ತೀರ್ಪು ಬರೆಯಿರಿ

ಮಾನ್ಯ ಮುಖ್ಯ ನ್ಯಾಯಮೂರ್ತಿಗಳೇ,

ನಿಮ್ಮ ಸಹೋದ್ಯೋಗಿಯೊಬ್ಬರು ನನ್ನ ತಮ್ಮನ ತೀರ್ಪು ಬರೆಯದೆಯೇ ನಿವೃತ್ತರಾದರು. ನೀವು ಅವರಿಗೆ ಹೂಗುಚ್ಛ ಕೊಟ್ಟಿರಿ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ಸಿಟ್ಟು.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಒಂದು ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆ, ಹತ್ತಬೇಡಿ ಎಂದು ಬೋರ್ಡು ತಗುಲಿಸಿ ಬಿಡಿಭಾಗ ತರಲು ಹೋದ. ಬಾಡಿಗೆಯವರ ಗೊಣಗಾಟ ತಾಳಲಾರದೆ ಮಾಲೀಕ ಬೋರ್ಡು ತೆಗೆಸಿದ. ಲಿಫ್ಟ್ ಬಿತ್ತು, ಒಬ್ಬರು ಸತ್ತರು. ಮಾಲೀಕ ಮನೆಯಲ್ಲಿದ್ದಾನೆ, ತಮ್ಮ ಜೈಲಿನಲ್ಲಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕೆಳಗಿನ ನ್ಯಾಯಾಲಯಗಳು ಕಾನೂನು ಎಂದೇ ತಿಳಿದಿದ್ದವು.

ಪ್ರಕರಣ ನಿಮ್ಮಲ್ಲಿಗೆ ಬಂದಾಗ ನಮಗೆ ಜೀವ ಬಂತು. ವಾದದ ಕೊನೆಯಲ್ಲಿ ಆ ನ್ಯಾಯಮೂರ್ತಿಗಳು ಕನ್ನಡಕ ತೆಗೆದು, "ಬೋರ್ಡು ತೆಗೆದವನನ್ನ ಬಿಟ್ಟು ಹಾಕಿದವನನ್ನ ಹಿಡ್ಕೊಂಡಿದೀರಲ್ರೀ!" ಎಂದು ಸರ್ಕಾರಿ ವಕೀಲರನ್ನು ಗದರಿದರು. ಅಮ್ಮ ನನ್ನ ಕೈ ಹಿಂಡಿದಳು. ತೀರ್ಪನ್ನು ಕಾಯ್ದಿರಿಸಲಾಗಿದೆ ಎಂದರು. ಕಾದೆವು. ಮಳೆಗಾಲ ಹೋಗಿ ಬೇಸಿಗೆ ಬಂದರೂ ಕಾದೆವು.

ಕೊನೆಗೆ ನಮ್ಮ ವಕೀಲರೇ ಹೇಳಿದರು: "ನಾಳೆ ಸಾಹೇಬರ ಕೊನೇ ದಿನ. ಹೊರಡೋ ಮುಂಚೆ ಬಾಕಿ ತೀರ್ಪೆಲ್ಲ ಹೇಳೇ ಹೇಳ್ತಾರೆ, ಅದು ವಾಡಿಕೆ." ಅಮ್ಮ ತಮ್ಮನ ನೀಲಿ ಅಂಗಿಗೆ ಇಸ್ತ್ರಿ ಹಾಕಿ ಚೀಲದಲ್ಲಿಟ್ಟುಕೊಂಡಳು. "ಜೈಲಿನ ಬಟ್ಟೇಲಿ ಮನೆಗೆ ಬರೋದು ಬೇಡ ಕಣೇ" ಅಂದಳು.

ಮರುದಿನ ನ್ಯಾಯಾಲಯದ ಸಭಾಂಗಣ ಕಿಕ್ಕಿರಿದಿತ್ತು. ನೀವು ಮೈಕಿನ ಮುಂದೆ ನಿಂತು, "ಇವರು ತೀರ್ಪು ಬರೆಯುವಾಗ ಎಂದೂ ಆತುರಪಟ್ಟವರಲ್ಲ" ಎಂದಿರಿ. ಚಪ್ಪಾಳೆ. ನಾನೂ ತಟ್ಟಿದೆ. ಅಮ್ಮ ಎಲ್ಲರಿಗಿಂತ ಹೆಚ್ಚು ತಟ್ಟಿದಳು. "ನಿಧಾನವಾಗಿ ಯೋಚ್ನೆ ಮಾಡಿ ಬರ್ದಿದಾರಂತೆ, ಒಳ್ಳೇದೇ ಬರ್ದಿರ್ತಾರೆ" ಎಂದು ಕಿವಿಯಲ್ಲಿ ಹೇಳಿದಳು. ಆಮೇಲೆ ಎಲ್ಲರೂ ಚಹಾ ಕುಡಿಯಲು ಎದ್ದರು. ಬಾಗಿಲಲ್ಲಿದ್ದ ಗುಮಾಸ್ತರನ್ನು ಅಮ್ಮ ಕೇಳಿದಳು: "ನಮ್ಮ ಹುಡುಗಂದು ಯಾವಾಗ ಹೇಳ್ತಾರಪ್ಪಾ?"

"ಇವತ್ತು ಬರೀ ಬೀಳ್ಕೊಡುಗೆ ಕಣಮ್ಮಾ. ನಿಮ್ಮದು ಇನ್ನು ಹೊಸ ಪೀಠಕ್ಕೆ ಹೋಗತ್ತೆ. ವಾದ ಮೊದಲಿಂದ."

ನಾನು ಶಾಲಾ ಶಿಕ್ಷಕಿ. ಉತ್ತರ ಪತ್ರಿಕೆಗಳನ್ನು ತಿದ್ದದೆ ಕಟ್ಟಿಟ್ಟು, ಮಕ್ಕಳೆಲ್ಲ ಇನ್ನೊಮ್ಮೆ ಪರೀಕ್ಷೆ ಬರೆಯಲಿ ಎಂದು ನಾನು ನಿವೃತ್ತಳಾದರೆ ಮುಖ್ಯೋಪಾಧ್ಯಾಯರು ಹೂಗುಚ್ಛ ಕೊಡುತ್ತಾರೆಯೇ? ಕಿವಿ ಹಿಂಡಿ ಕೂರಿಸುತ್ತಾರೆ. ನಮ್ಮ ಪುಟ್ಟ ಶಾಲೆಗಿರುವ ಈ ಮರ್ಯಾದೆ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಯಾಕಿಲ್ಲ? ಯಾವ ಪ್ರಕರಣ ಯಾವ ಪೀಠಕ್ಕೆ ಎಂದು ಹಂಚುವ ಅಧಿಕಾರ ನಿಮ್ಮೊಬ್ಬರದು. ಯಾರು ಯಾವಾಗ ನಿವೃತ್ತರಾಗುತ್ತಾರೆ ಎಂಬುದು ನಿಮಗೆ ಅವರು ನೇಮಕವಾದ ದಿನವೇ ಗೊತ್ತು. "ಬಾಕಿ ಏನಿದೆ?" ಎಂದು ಒಂದು ಮಾತು ಕೇಳಲು ನಾಲಿಗೆ ಸವೆಯುತ್ತಿತ್ತೇ? ಭಾಷಣಕ್ಕೆ ಸವೆಯದ ನಾಲಿಗೆ! ಸಹೋದ್ಯೋಗಿಗೆ ನೋವಾದೀತು ಎಂಬ ನಿಮ್ಮ ದಾಕ್ಷಿಣ್ಯಕ್ಕೆ ನನ್ನ ತಮ್ಮ ಕಂಬಿ ಎಣಿಸಬೇಕು. ಹಿರಿತನ ಎಂದರೆ ಎತ್ತರದ ಕುರ್ಚಿಯಲ್ಲ ಸ್ವಾಮೀ, ಪಕ್ಕದ ಕುರ್ಚಿಯವರಿಗೆ ಬುದ್ಧಿ ಹೇಳುವ ಧೈರ್ಯ.

ಇದು ನ್ಯಾಯಾಂಗ ನಿಂದನೆ ಎನ್ನಿಸಿದರೆ ಧಾರಾಳವಾಗಿ ಮೊಕದ್ದಮೆ ಹೂಡಿ. ಅದನ್ನಾದರೂ ಬೇಗ ಮುಗಿಸುತ್ತೀರಿ, ನೊಂದವರು ನೀವೇ ಅಲ್ಲವೇ?

ನನ್ನ ಬೇಡಿಕೆ ಕೇಳಿ. ತಮ್ಮನ ಪ್ರಕರಣವನ್ನು ಈ ವಾರವೇ ಪೀಠದ ಮುಂದಿಡಿ. ತೀರ್ಪಾಗುವತನಕ ಅವನಿಗೆ ಜಾಮೀನು ಕೊಡಿ. ಕಾಯ್ದಿರಿಸಿದ ತೀರ್ಪು ಹೇಳದ ಯಾರಿಗೂ ಇನ್ನು ಮುಂದೆ ಬೀಳ್ಕೊಡುಗೆ ಇಲ್ಲ ಎಂದು ಆದೇಶ ಹೊರಡಿಸಿ, ನಿಮ್ಮಿಂದಲೇ ಶುರುವಾಗಲಿ.

ನಿಮ್ಮ ನಿವೃತ್ತಿಯೂ ಹತ್ತಿರದಲ್ಲಿದೆಯಂತೆ. ಆ ಸಭೆಗೂ ಅಮ್ಮನನ್ನು ಕರೆತರುತ್ತೇನೆ. ಪಕ್ಕದಲ್ಲಿ ತಮ್ಮನಿದ್ದರೆ ಅವಳು ಮನಸಾರೆ ಚಪ್ಪಾಳೆ ತಟ್ಟುತ್ತಾಳೆ. ಇಲ್ಲದಿದ್ದರೆ ಆ ನೀಲಿ ಅಂಗಿಯನ್ನು ತಂದು ನಿಮ್ಮ ಕೈಗೇ ಕೊಡುತ್ತಾಳೆ.

ಇಂತಿ,
ನಿಮ್ಮ ಭಾಷಣಕ್ಕೆ ಚಪ್ಪಾಳೆ ತಟ್ಟಿ ಕೈ ಸುಟ್ಟುಕೊಂಡ
ಒಬ್ಬ ಶಾಲಾ ಶಿಕ್ಷಕಿ