ಅತ್ತೆಯ ಗೋಡೆಯಲ್ಲಿದ್ದ ಜೇನು

ಮಾನ್ಯ ವಸತಿಗೃಹ ನಿರ್ವಹಣಾಧಿಕಾರಿಗಳೇ,

ನಮ್ಮ ಮನೆಯ ಗೋಡೆಯೊಳಗೆ ಗೂಡು ಕಟ್ಟಿದ್ದ ಜೇನುಹುಳುಗಳನ್ನು ಜೀವಂತವಾಗಿ ಬೇರೆಡೆಗೆ ಸಾಗಿಸಬೇಕು, ಅದಕ್ಕಾಗಿ ನಾಲ್ಕಾರು ಇಟ್ಟಿಗೆ ಬಿಚ್ಚಲು ಅನುಮತಿ ಕೊಡಿ ಎಂದು ತಮ್ಮನ್ನು ಕೇಳಿದ್ದೆವು. ತಾವು ಅನುಮತಿ ಕೊಡಲಿಲ್ಲ, ವಿಷ ಕಳಿಸಿದಿರಿ. ಕೇಳಿದ್ದನ್ನು ಬಿಟ್ಟು ಕೇಳದ್ದನ್ನು ಇಷ್ಟು ಚುರುಕಾಗಿ ಒದಗಿಸುವ ಕಚೇರಿ ಇನ್ನೊಂದಿರಲಾರದು. ಬದುಕಿಸಲು ಅನುಮತಿ ಬೇಕು, ಕೊಲ್ಲಲು ಬೇಡ ಎಂಬುದು ಯಾವ ನಿಯಮ? ಇರಲಿ. ತಮ್ಮ ಗೋಡೆಗೆ ಒಂದು ಪೆಟ್ಟೂ ಬಿದ್ದಿಲ್ಲ, ಅಭಿನಂದನೆಗಳು. ಈ ಪತ್ರದಲ್ಲಿ ಸಿಟ್ಟು ಹುಡುಕಬೇಡಿ. ಬರಬೇಕಿತ್ತು, ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿದೆ.

ಆ ಗೋಡೆಗೆ ಒತ್ತಿಕೊಂಡೇ ನಮ್ಮ ಅತ್ತೆಯವರ ಮಂಚವಿದೆ. ಅತ್ತೆ ಬಟ್ಟೆ ಗಿರಣಿಯಲ್ಲಿ ದುಡಿದವರು. ಮಗ್ಗಗಳ ಸದ್ದಿಗೆ ಕಿವಿ ಹೋಯಿತು. ಈಗ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಬೀದಿಗೆಲ್ಲ ಕೇಳಿಸಿದ ಮೇಲೆ ಅವರಿಗೆ ಕೇಳಿಸುತ್ತದೆ. ಹುಳುಗಳು ಬಂದು ಸೇರಿಕೊಂಡ ಮೇಲೆ ಒಂದು ದಿನ ಅತ್ತೆ ಗೋಡೆಗೆ ಅಂಗೈ ಒತ್ತಿ, "ಬಾರೇ ಇಲ್ಲಿ, ಮಗ್ಗ ಓಡ್ತಾ ಇದೆ!" ಎಂದರು. ನಾನೂ ಕೈಯಿಟ್ಟೆ. ಓಡುತ್ತಿತ್ತು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಮುಟ್ಟಿ, "ಅವುಗಳ ಪಾಳಿ ಶುರುವಾಯ್ತು. ಮಹಾರಾಣಿ ಇನ್ನೂ ಒಲೆ ಹಚ್ಚಿಲ್ವಾ?" ಎಂದು ನನ್ನನ್ನು ಕೆಣಕುವುದು ಅವರ ರೂಢಿಯಾಯಿತು.

ಆದರೂ ಪಕ್ಕದ ಮನೆಯ ಕೂಸಿಗೆ ಎಲ್ಲಿ ಕಚ್ಚಿಬಿಡುತ್ತವೋ ಎಂದು ಸಾಗಿಸಲು ಒಪ್ಪಿದವರೂ ಅತ್ತೆಯೇ. ಜೇನು ಸಾಕುವ ಹೆಂಗಸೊಬ್ಬರು ಗೂಡಿನ ಮೇಣದ ಎರಿಗಳನ್ನು ಹುಷಾರಾಗಿ ಬಿಡಿಸಿ, ಹುಳುಗಳ ಸಮೇತ ಪೆಟ್ಟಿಗೆಗೆ ಕೂರಿಸಿಕೊಂಡು ಹೋಗುತ್ತೇನೆಂದಿದ್ದರು. "ಪೆಟ್ಟಿಗೆ ನಮ್ಮ ಹಿತ್ತಲಲ್ಲೇ ಇರುತ್ತಮ್ಮಾ. ನೆನಪಾದಾಗ ಬಂದು ಕೈಯಿಟ್ಟು ನೋಡಿ" ಎಂದು ಅತ್ತೆಯ ಕಿವಿಯಲ್ಲಿ ಕೂಗಿ ಹೇಳಿದ್ದರು. ಆ ಒಂದು ಮಾತಿನ ಮೇಲೆ ಅತ್ತೆ ಒಪ್ಪಿದ್ದು.

ನಾನು ಕೆಲಸಕ್ಕೆ ಹೋಗಿದ್ದಾಗ ತಮ್ಮ ಕಡೆಯ ಇಬ್ಬರು ಬಂದರಂತೆ. ಅತ್ತೆ ಅವರನ್ನು ಜೇನಿನವರೆಂದೇ ತಿಳಿದರು. ತಾವೇ ಬಾಗಿಲು ತೆಗೆದರು, ಕುಡಿಯಲು ನೀರು ಕೊಟ್ಟರು, ಏದುಸಿರು ಬಿಡುತ್ತಾ ಮಂಚ ಎಳೆದು ಜಾಗ ಮಾಡಿಕೊಟ್ಟರು. "ಜೋಪಾನವಾಗಿ ಕರ್ಕೊಂಡ್ಹೋಗ್ರಪ್ಪಾ" ಎಂದರಂತೆ. ಅವರು ತಲೆಯಾಡಿಸಿ, ಅತ್ತೆಯನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡರಂತೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮ ಕಚೇರಿಗೆ ಫೋನ್ ಮಾಡಿದೆ. "ಮನೆಯವರೇ ಬಾಗಿಲು ತೆಗೆದಿದ್ದಾರಲ್ಲಮ್ಮಾ, ಇನ್ನೇನು ನಿಮ್ಮ ತಕರಾರು?" ಎಂದರು ಗುಮಾಸ್ತರು. ನಿಜವೇ. ಇನ್ನೇನು?

ಇನ್ನೇನೆಂದರೆ, ರೆಕ್ಕೆ ಬೀಸಿ ಗೂಡು ತಂಪಾಗಿಡುವ ಹುಳುಗಳಿಲ್ಲದೆ ಒಳಗೆ ಎರಿ ಕುಸಿಯುತ್ತಿದೆ. ಬಿರುಕಿನಿಂದ ಜೇನುತುಪ್ಪ ಜಿನುಗುತ್ತಿದೆ, ಕೊಳೆತ ವಾಸನೆಯೂ ಹತ್ತಿದೆ. "ಪಾಪ, ನಮ್ಮ ಪಾಲಿಂದು ಬಿಟ್ಟೋಗಿದ್ದಾರೆ ನೋಡೇ" ಎಂದು ಅತ್ತೆ ಅದಕ್ಕೆ ಬೆರಳದ್ದಿದರು. ಬಾಯಿಗಿಡುವ ಮುಂಚೆ ಕೈ ಹಿಡಿದುಕೊಂಡೆ. "ಒಂದ್ಬೆರಳು ನೆಕ್ಕಿದ್ರೆ ನಿನ್ನ ಗಂಟೇನು ಹೋಗುತ್ತೇ?" ಎಂದು ಮುಖ ಊದಿಸಿಕೊಂಡರು. ನಾನು ಸೋಪು ಹಚ್ಚಿ ಅವರ ಕೈ ತೊಳೆದೆ. ಅಳುವೂ ಬರಲಿಲ್ಲ.

ಈಗ ದಿನಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕೂರುತ್ತಾರೆ. "ಪೆಟ್ಟಿಗೆ ನೋಡೋಕೆ ಯಾವಾಗ ಕರ್ಕೊಂಡ್ಹೋಗ್ತೀಯೇ?" ಎಂದು ಕೇಳುತ್ತಾರೆ. ನಾನು ಒಂದಲ್ಲ ಒಂದು ನೆವ ಹೇಳುತ್ತೇನೆ.

ಆದ್ದರಿಂದ ಗೋಡೆ ಬಿಚ್ಚಲು ಈಗಲಾದರೂ ಅನುಮತಿ ಕೊಡಿ, ಸತ್ತವುಗಳನ್ನು ಹೊರಗೆ ತೆಗೆಯುವುದಕ್ಕೆ. ಹಾಗೆಯೇ, ಪೆಟ್ಟಿಗೆ ಎಲ್ಲಿಯೂ ಇಲ್ಲ ಎಂಬುದನ್ನು ಅತ್ತೆಗೆ ತಿಳಿಸಲು ತಮ್ಮ ಕಚೇರಿಯಿಂದ ಯಾರನ್ನಾದರೂ ಕಳಿಸಿಕೊಡಿ. ಅತ್ತೆ ಬಾಗಿಲು ತೆಗೆಯುತ್ತಾರೆ, ನೀರನ್ನೂ ಕೊಡುತ್ತಾರೆ. ಬಂದವರು ಮೆಲ್ಲಗೆ ಹೇಳಿ ಜಾರಿಕೊಳ್ಳುವಂತಿಲ್ಲ, ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಬೇಕು. ನಿನ್ನೆ ನಾನೇ ಹೇಳಿಬಿಡೋಣವೆಂದು ಹತ್ತಿರ ಕೂತೆ. ಬಾಯಿ ತೆರೆದೆ. "ಊಟಕ್ಕೆ ಬನ್ನಿ" ಎಂದು ಕೂಗಿದೆ.

ಇಂತಿ,
ತಮ್ಮ ಪೆಟ್ಟು ಬೀಳದ ಗೋಡೆಯನ್ನು ಕಾಯುತ್ತಿರುವ
ಆ ಮನೆಯ ಸೊಸೆ