ಅಮ್ಮನ ಕೋಣೆಗೆ ಇಳಿದ ನೆಟ್ಟು

ಪಂಜ,
ಫೆಬ್ರವರಿ 8, ಭಾನುವಾರ ಬೆಳಿಗ್ಗೆ

ತಮ್ಮ ವಿಷ್ಣುಪ್ರಸಾದ,

ಹೇಗಿದ್ದೀ? ಪುಣೆಯಲ್ಲಿ ಚಳಿ ಬಿಟ್ಟಿತಾ? ಸೊಂಟನೋವು ಕಡಿಮೆ ಉಂಟಾ? ಕೇಳುದು ಕ್ರಮ, ಅದಕ್ಕೆ ಕೇಳಿದೆ. ಇಲ್ಲಿ ಅಮ್ಮ ಸೌಖ್ಯ, ಕಾಲಿನ ಬಾವು ಇಳಿದಿದೆ. ನಾನು ಮಾತ್ರ ಸೌಖ್ಯ ಇಲ್ಲ, ಕಾರಣ ನೀನು. ಇದು ವಾಯ್ಸ್ ಮೆಸೇಜು ಆದರೂ ನಾನು ಕಾಗದದ ಕ್ರಮ ಬಿಡುದಿಲ್ಲ, ನೀನೂ ಉದ್ದ ಆಯ್ತೂಂತ ನಡುವಿನಲ್ಲಿ ನಿಲ್ಲಿಸಬೇಡ. ಐವತ್ತು ವರ್ಷದಲ್ಲಿ ನನ್ನ ಮಾತನ್ನು ಗಿಡ್ಡ ಮಾಡ್ಲಿಕ್ಕೆ ಯಾರಿಂದಲೂ ಆಗಲಿಲ್ಲ.

ಪ್ರತಿ ಭಾನುವಾರ ಐದು ಗಂಟೆಗೆ ನಿನ್ನ ವಿಡಿಯೋ ಕಾಲ್. ನಾಲ್ಕು ನಿಮಿಷ ಆಗುವಾಗ "ಅಣ್ಣ ನೆಟ್ ಸರಿ ಇಟ್ಟುಕೊಂಡಿಲ್ಲಮ್ಮ" ಅಂತೀ, ಕಟ್. ಆಮೇಲೆ ಬೈಗುಳ ತಿನ್ನುದು ನಾನು. ಡಿಸೆಂಬರಿನಿಂದ ಹೀಗೆ. ನೆಟ್ಟಿನ ಡಬ್ಬ ಎಲ್ಲಿತ್ತು ಹೇಳು? ಕಳೆದ ರಜೆಯಲ್ಲಿ ಬಂದವ, ನಿನಗೆ ಮಲಗಿಕೊಂಡು ಫೋನು ನೋಡ್ಲಿಕ್ಕೆ ಅಂತ ಮೇಲಿನ ನಿನ್ನ ರೂಮಿಗೆ ಹಾಕಿಸಿದೆ. ಬೀಗ ಜಡಿದು ಕೀಲಿಕೈ ಕಿಸೆಯಲ್ಲಿಟ್ಟುಕೊಂಡು ಹೋದೆ. ಹತ್ತು ದಿನದ ಹಿಂದೆ ಸುಳ್ಯದಿಂದ ನೆಟ್ಟಿನ ಕೆಲಸದ ಫಯಾಝ್ ಬಂದವ ನೋಡಿ ನಕ್ಕೇ ಬಿಟ್ಟ. "ನಡುವೆ ಸ್ಲ್ಯಾಬು, ಎರಡು ಮುರಕಲ್ಲಿನ ಗೋಡೆ, ಸಾಲದ್ದಕ್ಕೆ ಕಬ್ಬಿಣದ ಕಪಾಟಿನ ಹಿಂದೆ ಬೇರೆ! ಕೆಳಗೆ ಎಂತ ಬರ್ತದೆ ಮಾರಾಯ್ರೆ?"

ಹೌದು, ಬೀಗ ಒಡೆದೆ. ಹೊಸ ಬೀಗದ ಕೀಲಿಕೈ ಅಮ್ಮನ ದಿಂಬಿನ ಅಡಿಯಲ್ಲಿ ಉಂಟು, ಧೈರ್ಯ ಇದ್ದರೆ ಅವಳ ಹತ್ತಿರ ಕೇಳು. ಡಬ್ಬವನ್ನು ಅವಳ ಕೋಣೆಯ ಗೋಡೆಗೆ, ತಲೆಯಿಂದ ಮೇಲೆ, ಏನೂ ಅಡ್ಡ ಇಲ್ಲದಲ್ಲಿ ಕೂರಿಸಿದೆವು. ಹಲಸಿನ ಗೆಲ್ಲಿಗೆ ಉಜ್ಜಿ ಸವೆದಿದ್ದ ಕೇಬಲ್ ತೆಗೆದು ಹೊಸತು ಎಳೆಸಿದೆ. ಕರೆಂಟ್ ಹೋದರೆ ನೆಟ್ಟೂ ಹೋಗ್ತಿತ್ತಲ್ಲ, ಅದಕ್ಕೊಂದು ಸಣ್ಣ ಬ್ಯಾಟರಿ. ಮೊದಲು ಅಮ್ಮನ ಮಂಚದ ಹತ್ತಿರ ಸ್ಪೀಡು ಮೂರು ದಾಟುತ್ತಿರಲಿಲ್ಲ, ಈಗ ತೊಂಬತ್ತು. ಫಯಾಝ್ ಹೋಗುವಾಗ, "ಇನ್ನು ಕಟ್ ಆದರೆ ಫೋನಿನ ಆಚೆಯವರನ್ನು ಕೇಳಿ" ಅಂದ.

ಇಷ್ಟೆಲ್ಲ ಮಾಡಿದ ಮೇಲೆ ಕಳೆದ ಭಾನುವಾರವೂ ಕಟ್ ಆಯ್ತು. ಅಮ್ಮ ನನ್ನ ಮುಖ ನೋಡಿ ಎಂತ ಹೇಳಿದಳು ಗೊತ್ತುಂಟಾ? "ನಿನಗೆ ಅವನನ್ನು ಕಂಡರೆ ಆಗುದಿಲ್ಲ. ಬೇಕೂಂತ ನೀನೇ ಸ್ವಿಚ್ಚು ತೆಗೆಯುದು." ಎರಡು ದಿನ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. ಅವಳ ಕಾಲಿಗೆ ಎಣ್ಣೆ ತಿಕ್ಕುವವ ನಾನು, ಮಾರಾಯ. ನೀನು ವಾರಕ್ಕೆ ನಾಲ್ಕು ನಿಮಿಷದ ಮಗ.

ಆಶೀರ್ವಾದ ಮಾಡುದು ಅಣ್ಣನ ಕೆಲಸ, ಮಾಡಿದ್ದೇನೇಂತ ತಿಳ್ಕೊ. ಸೊಂಟ ನೋಡಿಕೊ.

ನಿನ್ನ ಅಣ್ಣ
ತೀರ್ಥರಾಮ

ನಿಲ್ಲು, ಮುಖ್ಯದ್ದೇ ಬಿಟ್ಟುಹೋಯ್ತು. ಕಳೆದ ವಾರ ಅಮ್ಮ "ರಮ್ಯನ ಕೈಗೆ ಫೋನು ಕೊಡು ಮಗ" ಅಂದದ್ದೇ ತಡ, ನೀನು ಬಾಯಿ ಅರ್ಧ ತೆರೆದು ಕಲ್ಲಿನ ಹಾಗೆ ಕೂತೆ. ನೆಟ್ ನಿಂತಿತೂಂತ ಅಮ್ಮ ನಂಬಿದಳು. ಆದರೆ ನಿನ್ನ ತಲೆಯ ಮೇಲೆ ಫ್ಯಾನು ತಿರುಗ್ತಾ ಇತ್ತು. ಗುರುವಾರ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಹೆಂಡತಿ ರಮ್ಯ ಸಿಕ್ಕಿದಳು. ನಿನ್ನನ್ನು ಬಿಟ್ಟು ಕೆದಂಬಾಡಿಯ ತವರಿಗೆ ಬಂದು ಎರಡು ತಿಂಗಳಾಯಿತಂತೆ. "ನೀವು ಅತ್ತೆಗೆ ಹೇಳಬೇಡಿ ಭಾವ, ಅವರೇ ಹೇಳಲಿ" ಅಂದಳು. ನಾನು ಹೇಳಲಿಲ್ಲ, ಫ್ಯಾನಿನ ವಿಷಯವೂ ಹೇಳಲಿಲ್ಲ. ಇವತ್ತು ಐದು ಗಂಟೆಗೆ ನೀನೇ ಹೇಳು. ಅಮ್ಮ ಬೈದಾಳು, ಕೂಗಿಯಾಳು. ಕೂತು ಪೂರ್ತಿ ಕೇಳು. ಇಲ್ಲಿಂದ ಕಟ್ ಆಗುದಿಲ್ಲ.