ಗುರುವಾರ ಉತ್ತರ ಹೇಳುವಂತಿಲ್ಲ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಸದಾ ನಿನ್ನ ಹಿಂದೆಯೇ ಸುತ್ತುತ್ತಿದ್ದ ನಿನ್ನ ಬಾಲದ ನಮಸ್ಕಾರಗಳು. ಬೈಯಬೇಡ. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲವೂ ಎದ್ದೆ. ಮದುವೆಯಾದದ್ದೇ ತಂಗಿ ನಮ್ಮನ್ನು ಮರೆತಳು ಎಂದು ನೀನು ಭಾವನ ಹತ್ತಿರ ಹೇಳಿರುತ್ತೀಯ, ನನಗೆ ಗೊತ್ತು.

ಮೊದಲು ಇವರ ಸುದ್ದಿ. 'ಇವರು' ಎಂದು ಬರೆಯುವುದೇ ಎಷ್ಟು ಚೆನ್ನಾಗಿದೆ ಅಕ್ಕ! ಎದುರಿಗೆ ಈಗಲೂ ಹೆಸರು ಹಿಡಿದೇ ಕರೆಯುತ್ತೇನೆ, ಜಗಳ ಬಂದರೆ ಏಕವಚನ. ಬಹುವಚನವೆಲ್ಲ ಕಾಗದದ ಮೇಲೆ ಮಾತ್ರ. ಸಾರಿಗೆ ಕಚೇರಿಯಲ್ಲಿ ಬಸ್ಸುಗಳ ವೇಳಾಪಟ್ಟಿ ಬರೆಯುವ ಮನುಷ್ಯ ಮನೆಗೂ ಒಂದು ಬರೆದು ಅಡುಗೆಮನೆಯಲ್ಲಿ ಅಂಟಿಸಿದ್ದಾರೆ. ೬.೧೦ಕ್ಕೆ ಹಾಲು ಕಾಯಿಸುವುದು, ೬.೨೫ಕ್ಕೆ ನನ್ನನ್ನು ಎಬ್ಬಿಸುವುದು, ೬.೪೦ಕ್ಕೆ ಮತ್ತೆ ಎಬ್ಬಿಸುವುದು. ಏಳು ವಾರದಲ್ಲಿ ಒಂದು ದಿನವೂ ತಪ್ಪಿಲ್ಲ. ಎರಡು ಕೋಣೆಯ ಮನೆ, ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ಟ್ಯಾಂಕು. ನನಗೆ ಆ ಟ್ಯಾಂಕಿನ ಮೇಲೂ ಪ್ರೀತಿ ಬಂದುಬಿಟ್ಟಿದೆ. ನೀನು ಕಟ್ಟಿಕೊಟ್ಟ ಪುಸ್ತಕದ ಪೆಟ್ಟಿಗೆಯನ್ನು ಎರಡು ವಾರದ ಹಿಂದಷ್ಟೇ ಬಿಚ್ಚಿದೆವು. ನನ್ನ ಶಾಲೆಯ ಹಳೆಯ ಅಟ್ಲಾಸನ್ನೂ ಬಿಡದೆ ಹಾಕಿದ್ದೀಯ.

ಮತ್ತೆ, ಇದರಲ್ಲಿರುವ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಬೇಡ. ಇವಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿ ಎಂದು ಅಪ್ಪನ ಬೆನ್ನು ಬಿದ್ದವಳು ನೀನೇ. ಈಗ ಅನುಭವಿಸು.

ನನ್ನ ಹೊಸ ಕೆಲಸದ ಬಗ್ಗೆ ಕೇಳಿದ್ದೀಯ. ಕೇಳಿದ ರೀತಿ ಮಾತ್ರ ನಿನ್ನದೇ: 'ನಾನು ದಡ್ಡಿ, ಕಾಲೇಜಿನವರೇ ಬೇಡ ಅಂದವಳು, ನಂಗೇನು ತಿಳಿಯತ್ತೆ, ಆದ್ರೂ ಬರಿ.' ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಊರಿನ ಡಾಕ್ಟರುಗಳ ಕೈಬರಹವನ್ನೆಲ್ಲ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನೀರು ಕುಡಿದಂತೆ ಓದುವವಳು ದಡ್ಡಿಯಂತೆ. ಇರಲಿ, ಹೇಳುತ್ತೇನೆ.

ನಮ್ಮ ಹೈಸ್ಕೂಲಿನಲ್ಲಿ ಕೊನೆಯ ವರ್ಷದ ಮಕ್ಕಳು ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು. ಚಿತ್ರಕಲೆ, ಸಂಗೀತ, ಇಲ್ಲವೇ ನನ್ನ 'ಕಾಲೇಜು ತಯಾರಿ' ತರಗತಿ. ನನ್ನಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ, ಒಬ್ಬರ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಟಿಪ್ಪಣಿ ಬರೆದುಕೊಳ್ಳುವುದು, ಕಾಗದಪತ್ರಗಳನ್ನು ಫೈಲಿನಲ್ಲಿ ಜೋಡಿಸುವುದು, ಕೊನೆಯ ದಿನಾಂಕ ನೆನಪಿಡುವುದು, ಕಚೇರಿಯ ಕಿಟಕಿಯಲ್ಲಿ ಹೆದರದೆ ಮಾತಾಡುವುದು, ಇವೇ ಪಾಠ. ಗುರುವಾರ ಮಾತ್ರ ಬೇರೆ. ಅವತ್ತು ಒಂದು ಮಗು ತಾನು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎನ್ನುವುದನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ನಿಲ್ಲುತ್ತದೆ. ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. ಯಾರೂ ಉತ್ತರ ಹೇಳುವಂತಿಲ್ಲ, ಟೀಚರೂ ಕೂಡ. ಬಾಯಿ ತಪ್ಪಿ ಹೇಳಿದವರು ಆ ವಾರವೆಲ್ಲ ಬೋರ್ಡ್ ಒರೆಸಬೇಕು. ಹೆಡ್ ಮೇಡಂ ಮಾಡಿಟ್ಟ ನಿಯಮ ಇದು. ಸೇರಿದ ತಿಂಗಳಲ್ಲಿ ನಾಲ್ಕು ವಾರವೂ ಬೋರ್ಡ್ ಒರೆಸಿದ್ದು ನಾನೇ. ಹೊಸ ಸೀರೆಯ ಸೆರಗಿನ ತುಂಬ ಸೀಮೆಸುಣ್ಣ.

ಆ ತರಗತಿಯಲ್ಲಿ 'ಗಡಿಯಾರ' ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಾಳೆ. ನಾಲ್ಕು ಗಂಟೆಗೆ ಸರಿಯಾಗಿ ಅಕ್ಕನ ಟೈಲರ್ ಅಂಗಡಿಗೆ ಹೋಗಿ ಗುಂಡಿ ಹೊಲಿಯಬೇಕು, ಅದಕ್ಕೆ ಮೂರೂವರೆಯಿಂದಲೇ ಗೋಡೆ ನೋಡುತ್ತಿರುತ್ತಾಳೆ. ಕಾಲೇಜಿನ ಅರ್ಜಿಯ ಜೊತೆ ತಮ್ಮ ಬಗ್ಗೆ ಒಂದು ಪುಟ ಬರೆದು ಕೊಡಬೇಕು. ಅದು ಹಿಡಿಸಿದರೆ ಮಾತಾಡಿಸಲು ಕರೆಯುತ್ತಾರೆ, ಸೀಟು ನಿರ್ಧಾರವಾಗುವುದು ಅಲ್ಲಿ. ಇವಳು ಬರೆದದ್ದು ನಾಲ್ಕೇ ಸಾಲು. ಗುಂಡಿ ಹೊಲಿಯುತ್ತೇನೆ, ಗಣಿತ ಇಷ್ಟ, ಮನೆಯಲ್ಲಿ ನಾನು ಮತ್ತು ಅಕ್ಕ, ವಂದನೆಗಳು.

ನನ್ನ ಸ್ವಭಾವ ನಿನಗೆ ಗೊತ್ತಲ್ಲ. ತಿದ್ದುತ್ತೇನೆ ಎಂದು ತೆಗೆದುಕೊಂಡು ಇಡೀ ಪುಟ ನಾನೇ ಬರೆದುಬಿಟ್ಟೆ. ಕನಸು, ರೆಕ್ಕೆ, ಸೂಜಿಯ ಕಣ್ಣಿನಲ್ಲಿ ಕಂಡ ಆಕಾಶ. ಬರೆಯುತ್ತ ನನಗೇ ಕಣ್ಣು ತುಂಬಿತು. ಇವರಿಗೆ ಓದಿ ತೋರಿಸಿದರೆ, ಚೆನ್ನಾಗಿದೆ, ಆದರೆ ಗುಂಡಿ ಎಲ್ಲಿ ಹೋಯಿತು ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿ ಅದನ್ನು ಮುದ್ದಾಗಿ ನಕಲು ಮಾಡಿದಳು.

ಹೋದ ವಾರ ಸೋಮವಾರ ಅವಳ ಅಕ್ಕ ಶಾಲೆಗೆ ಬಂದರು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು.

"ಟೀಚರ್, ನಮ್ಮನೇಲಿ ಯಾರಿಗೂ ರೆಕ್ಕೆ ಇಲ್ಲ. ಇದು ಬೇರೆ ಯಾರದೋ ಅಳತೆಗೆ ಹೊಲಿದ ಬಟ್ಟೆ. ಇವಳು ಹಾಕ್ಕೊಂಡು ಹೋದ್ರೆ ಅಲ್ಲಿ ಕೂತಿರೋರಿಗೆ ಗೊತ್ತಾಗಲ್ವಾ?"

ನಾನು ಹುಡುಗಿಯ ಮುಖ ನೋಡಿದೆ. ಅವಳು ಗಡಿಯಾರ ನೋಡಿದಳು. ಆಮೇಲೆ, ಆ ಹಾಳೆಯಲ್ಲಿರುವ ಹುಡುಗಿಗೇ ಸೀಟು ಕೊಡಲಿ, ನಾನು ಅರ್ಜಿ ಹಾಕುವುದಿಲ್ಲ ಎಂದಳು. ಕೊನೆಯ ದಿನ ಶುಕ್ರವಾರ. ನಡುವೆ ಉಳಿದದ್ದು ಮೂರೇ ದಿನ. ತಪ್ಪು ಪೂರ್ತಿ ನನ್ನದು, ಕಳೆದುಕೊಳ್ಳುವವಳು ಅವಳು.

ಹೆಡ್ ಮೇಡಂ ಬೈಯಲಿಲ್ಲ. ಗುರುವಾರ ಇದೆಯಲ್ಲ ಎಂದಷ್ಟೇ ಹೇಳಿದರು. ನಾನು ಟೈಲರ್ ಅಂಗಡಿಗೆ ಹೋಗಿ ಇಬ್ಬರನ್ನೂ ಕೈಮುಗಿದು ಕರೆದೆ. ಅವಳ ಅಕ್ಕ ಒಂದು ಗಂಟೆ ಅಂಗಡಿಗೆ ಬಾಗಿಲು ಹಾಕಿ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಹುಡುಗಿ ಬೋರ್ಡಿನ ಮೇಲೆ 'ನನ್ನ ಬಗ್ಗೆ ಬರೆಯಲು ಏನೂ ಇಲ್ಲ' ಎಂದು ಬರೆದು ನಿಂತಳು.

ಮಕ್ಕಳು ಕೇಳತೊಡಗಿದರು. ದಿನಕ್ಕೆ ಎಷ್ಟು ಗುಂಡಿ? ಬೇಜಾರಾಗಲ್ವಾ? ಕೈ ಹೊಲೀತಾ ಇರೋವಾಗ ತಲೆ ಏನು ಮಾಡ್ತಿರತ್ತೆ? ಅದಕ್ಕೆ ಅವಳು, ಮೇಜಿನ ಮೇಲಿರುವ ಬಟ್ಟೆಯನ್ನು ಮನಸ್ಸಿನಲ್ಲೇ ಕತ್ತರಿಸುತ್ತಿರುತ್ತೇನೆ ಎಂದಳು. ಹೇಗೆ ಎಂದು ಕೇಳಿದ್ದಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆದಳು. ತೋಳಿನ ತುಂಡನ್ನು ತಲೆಕೆಳಗು ಮಾಡಿ ಇಟ್ಟರೆ ಆರು ಅಂಗಿಯ ಬಟ್ಟೆಯಲ್ಲಿ ಏಳು ಅಂಗಿ ಬರುತ್ತದೆಯಂತೆ. ಹಿಂದಿನ ತಿಂಗಳು ಅಕ್ಕ ಊಟಕ್ಕೆ ಹೋದಾಗ ಹಾಗೇ ಗುರುತು ಹಾಕಿಟ್ಟಿದ್ದಳಂತೆ. ಕೊನೆಯ ಬೆಂಚಿನಿಂದ ಅವಳ ಅಕ್ಕ, ಅದು ನೀನಾ, ನಾನು ಬಟ್ಟೆಯವರೇ ಜಾಸ್ತಿ ಅಳೆದುಕೊಟ್ಟರು ಅಂದುಕೊಂಡಿದ್ದೆ ಎಂದರು. ತರಗತಿಯೆಲ್ಲ ನಕ್ಕಿತು. ಅವರು ನಗಲಿಲ್ಲ. ಎದ್ದು ನಿಂತರು.

"ನಾನೂ ಒಂದು ಕೇಳ್ಲಾ? ನೀನು ಹೋಗ್ಬೇಕು ಅಂತ ಹೋಗ್ತಿದೀಯೋ, ನಾನು ಕಳಿಸ್ತೀನಿ ಅಂತ ಹೋಗ್ತಿದೀಯೋ?"

ಅಕ್ಕ, ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ತುಟಿ ಕಚ್ಚಿಕೊಂಡು ಕೂತೆ. ಹುಡುಗಿ ಈ ಸಲ ಗಡಿಯಾರ ನೋಡಲಿಲ್ಲ, ತನ್ನ ಅಕ್ಕನನ್ನು ನೋಡಿದಳು.

"ನಂಗೇ ಹೋಗ್ಬೇಕು ಅಂತ ಇದೆ," ಎಂದಳು ಹುಡುಗಿ. "ಹೇಳಿದ್ರೆ ನೀನು ಒಬ್ಳೇ ಆಗ್ತೀಯ ಅಂತ ಹೇಳ್ಲಿಲ್ಲ."

"ನಾನು ಒಬ್ಳಾದ್ರೆ ಒಬ್ಬಳನ್ನ ಕೆಲಸಕ್ಕೆ ಇಟ್ಕೋತೀನಿ. ನೀನು ಬರಿ, ಹೋಗು."

ಅವತ್ತೇ ಕೂತು ಬರೆದಳು. ಒಂದು ಪುಟ, ತೋಳಿನ ಚಿತ್ರದ ಸಮೇತ, ಎಲ್ಲೂ ಒಂದು ರೆಕ್ಕೆಯಿಲ್ಲ. ನಾನು ಪೆನ್ನನ್ನು ಚೀಲದೊಳಗೆ ಹಾಕಿ ಜಿಪ್ ಎಳೆದುಕೊಂಡಿದ್ದೆ. ಶುಕ್ರವಾರ ಅರ್ಜಿ ಹೋಯಿತು. ನಿನ್ನೆ ಕಾರ್ಡು ಬಂತು, ಇಪ್ಪತ್ಮೂರಕ್ಕೆ ಬರಹೇಳಿದ್ದಾರೆ. ನನಗೆ ತೋರಿಸಲು ಓಡಿ ಬಂದಳು ಎಂದುಕೊಂಡೆಯಾ? ಮೊದಲು ಅಂಗಡಿಗೆ ಹೋಗಿದ್ದಾಳೆ. ನನ್ನ ಕೈಗೆ ಬರುವಷ್ಟರಲ್ಲಿ ಕಾರ್ಡಿನ ಮೂಲೆಗೆ ಹೊಲಿಗೆ ಯಂತ್ರದ ಎಣ್ಣೆ ಹತ್ತಿತ್ತು.

ಇಷ್ಟು ನನ್ನ ಸುದ್ದಿ. ಭಾವನಿಗೆ ನಮಸ್ಕಾರ. ಪುಟ್ಟಿಗೆ ಈ ಚಿಕ್ಕಮ್ಮನ ಆಶೀರ್ವಾದ ಮತ್ತು ಎರಡೂ ಕೆನ್ನೆಗೆ ಮುತ್ತು. ಅವಳು ಚೆನ್ನಾಗಿ ಓದಲಿ, ಕೇಳಿದ್ದಕ್ಕೆಲ್ಲ ಅವಳಿಗೆ ಉತ್ತರ ಸಿಗಲಿ. ನೀನು ಸುಖವಾಗಿರು.

ನಿನ್ನ,
ಬಾಲ

ತಾ.ಕ.: ಲಕೋಟೆಯಲ್ಲಿ ಒಂದು ಕಾರ್ಡಿದೆ. ಅದು ಆ ಹುಡುಗಿಯದಲ್ಲ, ನಿನ್ನದು. ರಜೆಯಲ್ಲಿ ಪ್ರವಾಸ ಹೋಗುವ ದಾರಿ ನೋಡಲು ಇವರು ನನ್ನ ಹಳೆಯ ಅಟ್ಲಾಸ್ ತೆರೆದಾಗ ಬಿತ್ತು. ಯಾರದು ಎಂದು ಕೇಳಿದರು. ಯಾವುದೋ ಹಳೆಯದು ಎಂದೆ. ಇವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಮೇಲಿರುವ ದಿನಾಂಕ ನೋಡು, ಹದಿನಾರು ವರ್ಷವಾಯಿತು. ನೀನು ಅಂಗಡಿಯಲ್ಲಿದ್ದೆ, ಅಂಚೆಯವರು ಗೇಟಿನಲ್ಲಿ ನನ್ನ ಕೈಗೆ ಕೊಟ್ಟರು. ಕಾಲೇಜಿಗೆ ಸಂದರ್ಶನಕ್ಕೆ ಬನ್ನಿ ಎಂದಿತ್ತು, ಕೆಳಗೆ ಹಾಸ್ಟೆಲ್ ಬೇಕೇ ಎಂದಿತ್ತು. ನನಗೆ ಹನ್ನೆರಡು ವರ್ಷ, ಅಮ್ಮ ಹೋಗಿ ಒಂದೇ ವರ್ಷ. ಹಾಸ್ಟೆಲ್ ಎನ್ನುವುದನ್ನು ಓದಿ ಅಟ್ಲಾಸಿನೊಳಗೆ ಇಟ್ಟೆ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಮೂರು ವಾರ ನೀನು ಅಂಚೆಯವರನ್ನು ಕೇಳಿದಾಗಲೆಲ್ಲ ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಿನ್ನನ್ನು ಅವರು ಬೇಡ ಅನ್ನಲಿಲ್ಲ ಅಕ್ಕ, ಕರೆದಿದ್ದರು. ಕ್ಷಮಿಸು ಎಂದು ಬರೆದರೆ ನಿನ್ನ ಉತ್ತರವನ್ನೂ ನಾನೇ ಹೇಳಿಕೊಟ್ಟಂತಾಗುತ್ತದೆ. ನೀನು ಕೇಳು. ಎಷ್ಟು ಬೇಕಾದರೂ ಕೇಳು. ಬೋರ್ಡಿನ ಹತ್ತಿರ ನಿಂತಿದ್ದೇನೆ.